ಕುದ್ಮುಲ್ ರಂಗರಾಯರ ನೆನಪು: ಶಾಲೆಯ ಜೊತೆ ಅವರ ಮನೆಯನ್ನೂ ನೆನೆಯೋಣ

ಕಡಲತಡಿ
ಜನವರಿ 30 ಅಂದರೆ ಎಲ್ಲರಿಗೂ ಗಾಂಧೀಜಿ ನೆನಪಾಗುತ್ತಾರೆ. ಮಂಗಳೂರಿನವರಿಗೆ ಅದೇ ದಿನ ಇನ್ನೊಬ್ಬರ ಪುಣ್ಯತಿಥಿಯೂ ಹೌದು. ಕುದ್ಮುಲ್ ರಂಗರಾಯರು ತೀರಿಕೊಂಡದ್ದು 1928ರ ಜನವರಿ 30ರಂದು. ಪುರಭವನಕ್ಕೆ ಅವರ ಹೆಸರಿದೆ. ಅಲ್ಲಿ ನಾಟಕ ನೋಡಿದವರು, ಸನ್ಮಾನ ಮಾಡಿಸಿಕೊಂಡವರು ಸಾವಿರಾರು ಮಂದಿ. ಆದರೆ ರಂಗರಾಯರು ಯಾರು ಅಂತ ಕೇಳಿದರೆ ಹೆಚ್ಚಿನವರು "ದಲಿತರಿಗೆ ಶಾಲೆ ಮಾಡಿದವರು" ಎಂಬಲ್ಲಿಗೆ ನಿಲ್ಲುತ್ತಾರೆ.

ಅದು ಸುಳ್ಳಲ್ಲ, ಆದರೆ ಸಾಲದು. 1859ರ ಜೂನ್ 29ರಂದು ಕಾಸರಗೋಡಿನ ಹತ್ತಿರದ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು. ಹದಿನಾರರ ಪ್ರಾಯಕ್ಕೆ ತಂದೆ ಹೋದರು, ಮನೆಯ ಭಾರ ಹೆಗಲಿಗೆ ಬಂತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದು ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮೇಷ್ಟ್ರಾದರು. ಕಲಿಸುತ್ತಲೇ ತಾವೂ ಕಲಿತು ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ವಕೀಲ ಅಂತ ಹೆಸರಾಯಿತು. ಆ ಕಾಲದಲ್ಲಿ ಒಬ್ಬ ವಕೀಲ ಮನಸ್ಸು ಮಾಡಿದ್ದರೆ ಆಸ್ತಿ, ಮರ್ಯಾದೆ, ಜಾತಿಯ ಬೆಂಬಲ ಎಲ್ಲ ಕಾಲಡಿಗೆ ಬರುತ್ತಿತ್ತು. ಅದೆಲ್ಲ ಬಿಟ್ಟು 1892ರಲ್ಲಿ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಇಲ್ಲಿ ನಾನು ಎತ್ತಬೇಕೆಂದಿರುವುದು ಒಂದೇ ವಿಷಯ. ಈ ಕೆಲಸಕ್ಕೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಹೆಂಡತಿ ರುಕ್ಮಿಣಿ, ಮಕ್ಕಳು, ಮಗುವನ್ನು ಧೈರ್ಯ ಮಾಡಿ ಶಾಲೆಗೆ ಕಳಿಸಿದ ತಾಯ್ತಂದೆಯರು, ಇವರನ್ನೆಲ್ಲ ಬಿಟ್ಟು ನಾವು ಒಬ್ಬರ ಕೊರಳಿಗೆ ಹಾರ ಹಾಕಿ ಬರುತ್ತೇವೆ. ನಿಮಗೆ ತಿಳಿದದ್ದನ್ನು ಹೇಳಿ.

ಹಳೆ ಮೇಷ್ಟ್ರು
ಒಳ್ಳೆ ಕೆಲಸ ಮಾಡಿದಿರಿ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತನಾದವ. ರಂಗರಾಯರ ಬಗ್ಗೆ ಓದುವಾಗೆಲ್ಲ ನನಗೆ ಮೊದಲು ಕಾಣುವುದು ಸಮಾಜ ಸುಧಾರಕ ಅಲ್ಲ, ಒಬ್ಬ ಮೇಷ್ಟ್ರು. ಶಾಲೆಯ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮಗು ಒಳಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒಡೆಯರ ದನ ಕಾಯುವ ಮಗು ಶಾಲೆಗೆ ಬಂದರೆ ಆ ದಿನ ಮನೆಗೆ ಬರಬೇಕಾದ ಅಕ್ಕಿ ಕಡಿಮೆಯಾಗುತ್ತದೆ. ಹಾಗಾಗಿ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನಕ್ಕೆ ಊಟ ಹಾಕಿಸಿದರು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಬಂದದ್ದು ಈ ಶತಮಾನದ ಆರಂಭದಲ್ಲಿ. ಅದಕ್ಕೂ ನೂರು ವರ್ಷ ಮುಂಚೆ, ಸರ್ಕಾರದ ಆಜ್ಞೆಯಿಲ್ಲದೆ, ಒಬ್ಬ ಮನುಷ್ಯ ಇದನ್ನು ಯೋಚಿಸಿದ್ದ.

ಆ ಎರಡು ಪೈಸೆಯನ್ನು ನಾನು ಸಣ್ಣ ವಿಷಯ ಅಂತ ಎಣಿಸುವುದಿಲ್ಲ. ಹಸಿದ ಮಗುವಿನ ಕಣ್ಣು ಹಲಗೆಯ ಮೇಲೆ ನಿಲ್ಲುವುದಿಲ್ಲ, ಬಾಗಿಲ ಕಡೆಗೇ ಹೋಗುತ್ತದೆ. ಬೆಳಿಗ್ಗೆ ಹನ್ನೊಂದರ ನಂತರ ಹಿಂದಿನ ಬೆಂಚಿನವರು ಹೊಟ್ಟೆ ಒತ್ತಿಕೊಂಡು ಬಗ್ಗಿ ಕೂರುವುದನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಬಿಸಿಯೂಟ ಬಂದ ಮೇಲೆ ಅದೇ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತರು. ಇದನ್ನು ಕಂಡವರಿಗೆ ರಂಗರಾಯರ ಲೆಕ್ಕ ಅರ್ಥವಾಗುತ್ತದೆ.

ಕುಡ್ಲದಕ್ಕ
ಶಾಲೆಗೆ ಮನೆ ಸಿಗುವುದೇ ದೊಡ್ಡ ಪಾಡಾಗಿತ್ತು ಮಾರಾಯ್ರೆ. ವಿರೋಧ ಹೆಚ್ಚಾದ ಹಾಗೆ ಜಾಗ ಬದಲಿಸುತ್ತ ಹೋಗಬೇಕಾಯಿತು, ಕಡೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ನಿಂತಿತು. ಪಾಠ ಹೇಳಲಿಕ್ಕೆ ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಬಂದು ಕಲಿಸಿದರು. ನಮ್ಮ ಊರಿನ ಇತಿಹಾಸ ಹೇಳುವಾಗ ಈ ಮಾತನ್ನು ನುಂಗಬಾರದು.

ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕ ಬರುವುದಿಲ್ಲ, ಮಡಿವಾಳ ಬರುವುದಿಲ್ಲ, ನೆಂಟರ ಮನೆಯ ಕಾರ್ಯಕ್ಕೆ ಕರೆ ಇಲ್ಲ. ಗಂಡಸು ಹೊರಗೆ ಕೋರ್ಟು, ಶಾಲೆ ಅಂತ ಓಡಾಡಿಕೊಂಡಿರಬಹುದು. ಮನೆಯ ಒಳಗೆ ಈ ಶಿಕ್ಷೆಯನ್ನು ದಿನಕ್ಕೆ ಹತ್ತು ಸಲ ಅನುಭವಿಸಿದವರು ರುಕ್ಮಿಣಿಯಮ್ಮ. ಹಬ್ಬಕ್ಕೆ ಅಕ್ಕತಂಗಿಯರು ಬಾರದ ಮನೆ, ಮಕ್ಕಳ ಜೊತೆ ಆಡಲಿಕ್ಕೆ ಪಕ್ಕದ ಮನೆಯವರು ಕಳಿಸದ ಅಂಗಳ. ಅದನ್ನು ಯಾರು ಬರೆದಿಟ್ಟಿದ್ದಾರೆ? ಮೂಲ ಲೇಖಕರು ಹೇಳಿದ್ದು ಸರಿ.

ಮೂರನೇ ತಲೆಮಾರು
ನಾನು ಈ ಚರ್ಚೆಯನ್ನು ಬೇರೆ ಕಡೆಯಿಂದ ನೋಡುವವನು. ನಮ್ಮ ಅಜ್ಜ ಮೊದಲು ಅಕ್ಷರ ಕಂಡವರು, ನಮ್ಮಪ್ಪ ಸರ್ಕಾರಿ ನೌಕರ, ನಾನು ಇಂಜಿನಿಯರ್. ರಂಗರಾಯರ ಬಗ್ಗೆ ನಮ್ಮ ಮನೆಯಲ್ಲಿ ಅಪಾರ ಗೌರವ ಇದೆ. ಆದರೆ ಸಭೆಗಳಲ್ಲಿ ಕುಳಿತಾಗ ನನಗೆ ಕಸಿವಿಸಿ ಆಗುವುದುಂಟು. ಕೊಟ್ಟವರ ಹೆಸರು ಇದೆ, ಬಂದು ಕಲಿತವರ ಹೆಸರಿಲ್ಲ. ನಮ್ಮ ಹಿರಿಯರು ಕೈ ಚಾಚಿ ನಿಂತಿದ್ದರು, ಯಾರೋ ಬಂದು ಎತ್ತಿದರು ಎಂಬ ಹಾಗೆ ಮಾತು ನಡೆಯುತ್ತದೆ.

1892ರಲ್ಲಿ ಒಬ್ಬ ಮೊಗೇರ ತಾಯಿ ಅಥವಾ ಕೊರಗ ತಂದೆ ತನ್ನ ಮಗುವನ್ನು ಶಾಲೆಗೆ ಕಳಿಸಿದರೆ ಏನಾಗುತ್ತಿತ್ತು ಎಂದು ಒಂದು ಗಳಿಗೆ ಯೋಚಿಸಿ. ಗದ್ದೆಯ ಒಡೆಯ ಕೇಳುತ್ತಾನೆ. ಕೆಲಸ ತಪ್ಪುತ್ತದೆ. ಗುಡಿಸಲು ಇರುವುದೂ ಅವನ ಜಾಗದಲ್ಲೇ. ರಂಗರಾಯರಿಗೆ ಜಾತಿ ಬಹಿಷ್ಕಾರ ಬಂತು, ನಿಜ. ಇವರಿಗೆ ಹುಟ್ಟಿದಾಗಿನಿಂದಲೇ ಬಹಿಷ್ಕಾರ, ಅದರ ಮೇಲೆ ಇನ್ನೊಂದು ಅಪಾಯ. ಆ ಧೈರ್ಯಕ್ಕೂ ಒಂದು ಸಾಲು ಬೇಕು.

ಕಡಲತಡಿ
ನಿಮ್ಮ ಮಾತು ಮನಸ್ಸಿಗೆ ನಾಟಿತು. ನಾನು "ಬೆಲೆ ತೆತ್ತವರು" ಅಂದಾಗ ಇದನ್ನೇ ಹೇಳಬೇಕೆಂದಿದ್ದೆ, ನೀವು ನನಗಿಂತ ಸ್ಪಷ್ಟವಾಗಿ ಹೇಳಿದಿರಿ. ಕೊರಗರ ವಿಷಯ ಎತ್ತಿದಿರಿ. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ತಂದು ನಿಷೇಧಿಸಿದ್ದು 2000ದಲ್ಲಿ. ರಂಗರಾಯರ ಶಾಲೆ ಶುರುವಾಗಿ ನೂರು ವರ್ಷ ಕಳೆದ ಮೇಲೂ ಅಂಥದ್ದೊಂದು ಕಾನೂನು ಬೇಕಾಯಿತು ಅಂದರೆ, 1892ರಲ್ಲಿ ಪರಿಸ್ಥಿತಿ ಹೇಗಿದ್ದಿರಬೇಕು.

ಧಾರವಾಡದಾಕಿ
ನಮ್ಮ ಕಡಿ ಕಥಿ ಹೇಳ್ತೀನಿ, ಇದಕ್ಕ ಹೊಂದ್ತದ. 1856ರಾಗ ಧಾರವಾಡದ ಸರಕಾರಿ ಸಾಲಿಗೆ ಒಬ್ಬ ಮಹಾರ ಹುಡುಗ ತನ್ನ ಹೆಸರು ಹಚ್ಚಿಕೊಳ್ರಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಮಾತು ಮುಂಬಯಿ ಸರಕಾರದ ತನಕ ಹೋತು. ಒಬ್ಬ ಇವನ್ನ ಒಳಗ ಬಿಟ್ಟರ ಉಳಿದವರೆಲ್ಲ ಸಾಲಿ ಬಿಡ್ತಾರ ಅಂತ ಅವರೂ ಕೈ ಎತ್ತಿಬಿಟ್ರು. 1858ರಾಗ ಈಸ್ಟ್ ಇಂಡಿಯಾ ಕಂಪನಿ ನಿರ್ದೇಶಕರು ಸರಕಾರಿ ಸಾಲಿ ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂತ ಬರೆದ್ರು. ಕಾಗದದಾಗ ಬರೆದದ್ದು ಊರಾಗ ಬರಲಿಕ್ಕೆ ಎಷ್ಟು ಕಾಲ ಹಿಡೀತು ಅನ್ನೂದು ನಿಮಗೆಲ್ಲ ಗೊತ್ತೇ ಅದ. ಆ ಧಾರವಾಡದ ಹುಡುಗನ ಮುಂದಿನ ಬಾಳು ಏನಾತೋ ಅಂತ ನಾನು ಭಾಳ ಸಲ ಯೋಚನಿ ಮಾಡೀನಿ.

ಅದಕ್ಕ ರಂಗರಾಯರು ಪ್ರತ್ಯೇಕ ಸಾಲಿ ಯಾಕ ತೆಗೆದ್ರು ಅಂತ ಕೇಳೋರಿಗೆ ಉತ್ತರ ಇಲ್ಲೇ ಅದ. ಎಲ್ಲಾರ ಸಾಲಿ ಬಾಗಿಲು ಮುಚ್ಚಿತ್ತು.

ಇನ್ನೊಂದು ಮಾತು. ವಿಠ್ಠಲ ರಾಮಜಿ ಶಿಂಧೆಯವರು ಜಮಖಂಡಿಯವರು. ಅವರು ಮುಂಬಯಿಯಾಗ ಅಸ್ಪೃಶ್ಯರ ಏಳಿಗೆಗೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸೊಸೈಟಿ ಕಟ್ಟಿದ್ದು 1906ರಾಗ. ರಂಗರಾಯರು ಮಂಗಳೂರಾಗ ಅದೇ ಹೆಸರಿನ ಮಿಷನ್ ಸುರು ಮಾಡಿದ್ದು 1897ರಾಗ. ಒಂಬತ್ತು ವರ್ಷ ಮೊದಲು! ದೊಡ್ಡ ಊರಾಗ ನಡೆದದ್ದಕ್ಕ ದೇಶದ ಇತಿಹಾಸದಾಗ ಜಾಗಾ ಸಿಗ್ತದ, ಕಡಲ ದಂಡಿಮ್ಯಾಲಿನ ಊರಾಗ ನಡೆದದ್ದು ಜಿಲ್ಲಾ ಇತಿಹಾಸ ಆಗಿ ಉಳೀತದ. ನನಗ ಇದು ಭಾಳ ಬ್ಯಾಸರ.

ನಿತ್ಯ ಓದುಗ
ಒಂದು ಪ್ರಶ್ನೆ. ರಂಗರಾಯರು ಬ್ರಾಹ್ಮಸಮಾಜ ಸೇರಿದ್ದನ್ನು ಯಾಕೆ ಇಷ್ಟು ಹೇಳುತ್ತಾರೆ? ಮಾನವೀಯತೆ ಇದ್ದ ಮನುಷ್ಯ, ಯಾವ ಸಮಾಜದಲ್ಲಿದ್ದರೂ ಇದೇ ಕೆಲಸ ಮಾಡುತ್ತಿದ್ದರು. ನಂಬಿಕೆಯನ್ನು ಇಲ್ಲಿ ತರುವ ಅಗತ್ಯ ಇದೆಯೇ?

ಹಳೆ ಮೇಷ್ಟ್ರು
ಇದೆ ಎಂದೇ ನನ್ನ ಅಭಿಪ್ರಾಯ, ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮಂಗಳೂರಿನಲ್ಲಿ ಬ್ರಾಹ್ಮಸಮಾಜ ಶುರುವಾದದ್ದು 1870ರಲ್ಲಿ, ಉಳ್ಳಾಲ ರಘುನಾಥಯ್ಯನವರ ಮುಂದಾಳತ್ವದಲ್ಲಿ. ಅದರ ಹಿಂದೆ ಬಿಲ್ಲವ ಮುಖಂಡ ಅರಸಪ್ಪನವರ ಒತ್ತಾಯವೂ ಇತ್ತು. ದೇವಸ್ಥಾನದ ಒಳಗೆ ಬಿಡದ ಧರ್ಮದಲ್ಲಿ ನಾವು ಯಾಕಿರಬೇಕು ಎಂಬ ಪ್ರಶ್ನೆ ಆ ಸಮುದಾಯದ್ದು. ಕಲ್ಕತ್ತಕ್ಕೆ, ಕೇಶವಚಂದ್ರ ಸೇನರಿಗೆ ಕಾಗದ ಹೋಯಿತು, ಅಲ್ಲಿಂದ ಪ್ರಚಾರಕರು ಬಂದರು. ಬಿಲ್ಲವರು ದೊಡ್ಡ ಸಂಖ್ಯೆಯಲ್ಲಿ ಸಮಾಜ ಸೇರಲಿಲ್ಲ. ಅವರ ಪ್ರಶ್ನೆಗೆ ಬೇರೆ ದಾರಿಯಲ್ಲಿ ಉತ್ತರ ಸಿಕ್ಕಿತು. 1912ರಲ್ಲಿ ನಾರಾಯಣ ಗುರುಗಳ ಕೈಯಿಂದ ಬಿಲ್ಲವರದೇ ದೇವಸ್ಥಾನದಲ್ಲಿ ಕುದ್ರೋಳಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಆದರೆ ಸಮಾಜ ಉಳಿಯಿತು. ರಘುನಾಥಯ್ಯನವರ ನಂತರ ಅದನ್ನು ನಡೆಸಿದವರಲ್ಲಿ ರಂಗರಾಯರು ಮುಖ್ಯರು.

ಆ ಪ್ರಾರ್ಥನೆಯ ಕ್ರಮ ನೋಡಿ. ವಿಗ್ರಹ ಇಲ್ಲ, ಪುರೋಹಿತ ಇಲ್ಲ, ಗರ್ಭಗುಡಿ ಇಲ್ಲ. ಎಲ್ಲರೂ ಒಂದೇ ನೆಲದ ಮೇಲೆ ಕೂತು ನಿರಾಕಾರನನ್ನು ನೆನೆಯುವುದು. ವಾರಕ್ಕೊಮ್ಮೆ ಹಾಗೆ ಕೂತು ಎದ್ದವನಿಗೆ, ಬೀದಿಗೆ ಬಂದ ಮೇಲೆ ಮಾರು ದೂರ ಸರಿ ಎನ್ನಲು ನಾಲಗೆ ಹೇಗೆ ಬರಬೇಕು? ರಂಗರಾಯರು ಪ್ರಾರ್ಥನೆಯನ್ನು ಅಕ್ಷರಶಃ ತೆಗೆದುಕೊಂಡರು. ಅಲ್ಲದೆ ಬಂಧುಗಳೆಲ್ಲ ಬಾಗಿಲು ಹಾಕಿಕೊಂಡ ಮೇಲೆ ಸುಖದುಃಖಕ್ಕೆ ಒದಗಲು ನಾಲ್ಕು ಜನ ಬೇಕು. ಆ ನಾಲ್ಕು ಜನ ಸಿಕ್ಕಿದ್ದು ಸಮಾಜದಲ್ಲಿ. ಬರಿ ಮಾನವೀಯತೆ ಇದ್ದವರು ಆಗಲೂ ಎಷ್ಟೋ ಮಂದಿ ಇದ್ದರು, ಮರುಗಿ ಮನೆಯೊಳಗೆ ಕೂತಿದ್ದರು.

ನಿತ್ಯ ಓದುಗ
ಒಪ್ಪಿದೆ. ಆದರೆ ಕೊನೆಗಾಲದಲ್ಲಿ ಸಂನ್ಯಾಸ ತೆಗೆದುಕೊಂಡರಲ್ಲ? ಬ್ರಾಹ್ಮಸಮಾಜದವರಿಗೆ ಕಾವಿ ಹೊಂದುತ್ತದೆಯೇ?

ಹಳೆ ಮೇಷ್ಟ್ರು
ಹೌದು, 1927ರಲ್ಲಿ ಸ್ವಾಮಿ ಈಶ್ವರಾನಂದರಾದರು. ನನ್ನ ಓದಿನಲ್ಲಿ ಅದು ಹಿಂದೆ ಸರಿದದ್ದಲ್ಲ. ಸಂಸಾರ, ವಕೀಲಿ, ಶಾಲೆ ಎಲ್ಲ ಮಾಡಿ, ಮಿಷನ್ನಿನ ಜವಾಬ್ದಾರಿಯನ್ನು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿ, ಆಮೇಲೆ ಬಿಟ್ಟದ್ದು. ಹೊಣೆಯಿಂದ ಓಡಿಹೋದವನ ಸಂನ್ಯಾಸ ಬೇರೆ, ತೀರಿಸಿದವನದ್ದು ಬೇರೆ.

ಮೂರನೇ ತಲೆಮಾರು
1927 ಅಂದಿರಿ. ಅದೇ ವರ್ಷ ಮಾರ್ಚಿನಲ್ಲಿ ಬಾಬಾಸಾಹೇಬರು ಅಸ್ಪೃಶ್ಯರನ್ನು ಬಿಡದ ಮಹಾಡದ ಚೌಡಾರ್ ಕೆರೆಯ ನೀರು ಮುಟ್ಟಿದರು. ನನಗೆ ಆ ಎರಡನ್ನು ಒಟ್ಟಿಗೆ ಇಟ್ಟು ನೋಡುವುದು ಮುಖ್ಯ. ಒಬ್ಬರು ಬಾಗಿಲು ತೆರೆಯಲು ಬಾಳು ಸವೆಸಿ ಪಕ್ಕಕ್ಕೆ ಸರಿದ ಹೊತ್ತಿಗೆ, ಇನ್ನೊಂದು ಕಡೆ ನಮ್ಮವರೇ ಎದ್ದು ನಿಂತು ಹಕ್ಕು ಅಂತ ಕೇಳಿದರು. ರಂಗರಾಯರನ್ನು ಗೌರವಿಸಲು ಅಂಬೇಡ್ಕರರನ್ನು ಬದಿಗಿಡಬೇಕಾಗಿಲ್ಲ. ಕೆಲವು ಭಾಷಣಗಳಲ್ಲಿ ಹಾಗೆ ಮಾಡುತ್ತಾರೆ, ಅದು ನನಗೆ ನೋವು.

ಕುಡ್ಲದಕ್ಕ
ಆ ಕಾರಿನ ಧೂಳಿನ ಮಾತು ಯಾರೂ ಎತ್ತಲಿಲ್ಲವಲ್ಲ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೆ ಏರಿ, ಕಾರಿನಲ್ಲಿ ಈ ದಾರಿಯಾಗಿ ಹೋಗಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಅಂತ ಅವರ ಆಸೆ. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಉಂಟು. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಈ ಮಾತನ್ನು ಹೇಳದೆ ಬರಲಿಕ್ಕೆ ಆಗುವುದಿಲ್ಲ.

ಮೂರನೇ ತಲೆಮಾರು
ಆ ಮಾತು ನನಗೂ ಇಷ್ಟ. ಯಾಕೆಂದರೆ ಆ ಕಾಲದಲ್ಲಿ ನಮ್ಮವರ ನೆರಳು ಬಿದ್ದರೆ ಮೈಲಿಗೆ. ಅಂಥ ಕಾಲದಲ್ಲಿ ಒಬ್ಬ ಬ್ರಾಹ್ಮಣ ಮನೆತನದ ವಕೀಲ, ಧೂಳು ತನ್ನ ತಲೆಯ ಮೇಲೆ ಬೀಳಲಿ ಅಂತಾನೆ. ಎರಡು ಹೊತ್ತಿನ ಊಟ ಸಿಗಲಿ, ಓಲೆ ಓದುವಷ್ಟು ಕಲಿಯಲಿ ಎಂದಷ್ಟೇ ಬಯಸಲಿಲ್ಲ. ತನಗಿಂತ ಮೇಲೆ ಹೋಗಲಿ ಎಂದು ಬಯಸಿದರು. ಕಲಿಸುವವರಲ್ಲಿ ಇದು ಅಪರೂಪ. ಎಲ್ಲರೂ ಶಿಷ್ಯ ಉದ್ಧಾರವಾಗಲಿ ಅನ್ನುತ್ತಾರೆ, ತನ್ನ ಮೇಲಧಿಕಾರಿ ಆಗಲಿ ಅನ್ನುವವರು ಕಡಿಮೆ.

ಧಾರವಾಡದಾಕಿ
ಮಗಳ ಮಾತು ಬರಲಿಲ್ಲ ಇನ್ನೂ. ರಾಧಾಬಾಯಿ ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡವರು. ಬ್ಯಾರೆಯವರ ಮಕ್ಕಳಿಗೆ ಬುದ್ಧಿ ಹೇಳಿ ತನ್ನ ಮಗಳನ್ನ ಮೂಲ್ಯಾಗ ಕೂಡಿಸಿದ ಸುಧಾರಕರು ಆ ಕಾಲದಾಗ ಎಷ್ಟೋ ಮಂದಿ. ಇವರು ಹಂಗ ಮಾಡಲಿಲ್ಲ. ಓದಿಸಿದ್ರು. ಮದ್ರಾಸಿಗೆ ಕಳಿಸಿದ್ರು. ಆಕಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಸುಬ್ಬರಾಯನ್ ಅವರನ್ನ ಮದುವಿ ಆದ್ರು. ಜಾತಿ ಬ್ಯಾರೆ, ಭಾಷಾ ಬ್ಯಾರೆ. ಆಮ್ಯಾಲೆ ಆಕ್ಸ್‌ಫರ್ಡಿಗೂ ಹೋಗಿ ಓದಿದ್ರು.

1930ರಾಗ ಲಂಡನ್ನಿನ ಮೊದಲನೇ ದುಂಡುಮೇಜಿನ ಪರಿಷತ್ತಿಗೆ ಹಿಂದುಸ್ತಾನದಿಂದ ಹೋದ ಹೆಣ್ಣುಮಕ್ಕಳು ಇಬ್ಬರೇ, ಬೇಗಂ ಶಾ ನವಾಜ್ ಮತ್ತ ಈ ರಾಧಾಬಾಯಿ ಸುಬ್ಬರಾಯನ್. ಶಾಸನಸಭಾದಾಗ ಹೆಂಗಸರಿಗೆ ಸ್ಥಾನ ಮೀಸಲಿಡ್ರಿ ಅಂತ ಅಲ್ಲಿ ವಾದ ಮಾಡಿದ್ರು. 1938ರಾಗ ಆಗಿನ ಕೇಂದ್ರ ಮೇಲ್ಮನೆ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆರಿಸಿಬಂದ ಮೊದಲ ಮಹಿಳೆ ಆಕಿ. ಅಪ್ಪ ಸಾಲಿ ಬಾಗಿಲು ತೆಗೆದ, ಮಗಳು ಸಭಾದ ಬಾಗಿಲು ತೆಗೆದಳು.

ಕಡಲತಡಿ
ಮೊಮ್ಮಕ್ಕಳನ್ನೂ ಸೇರಿಸಿ. ಪರಮಶಿವ ಕುಮಾರಮಂಗಲಂ 1966ರಿಂದ 1969ರವರೆಗೆ ಸೇನಾ ಮುಖ್ಯಸ್ಥರು. ಮೋಹನ್ ಕುಮಾರಮಂಗಲಂ ಮೊದಲು ಕಮ್ಯುನಿಸ್ಟರು, ಮುಂದೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿ, 1973ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪಾರ್ವತಿ ಕೃಷ್ಣನ್ ಕೊಯಮತ್ತೂರಿನಿಂದ ಸಂಸತ್ತಿಗೆ ಹೋದ ಕಮ್ಯುನಿಸ್ಟ್ ನಾಯಕಿ, ಕಾರ್ಮಿಕರ ಪರ ಬಾಳಿಡೀ ದುಡಿದವರು. ಒಂದೇ ಮನೆಯಿಂದ ಸೇನಾಪತಿಯೂ ಕಾರ್ಮಿಕ ನಾಯಕಿಯೂ ಬಂದರು. ಆ ಮನೆಯಲ್ಲಿ ಮಕ್ಕಳಿಗೆ ಅವರವರ ದಾರಿ ಹಿಡಿಯುವ ಸ್ವಾತಂತ್ರ್ಯ ಇತ್ತು ಅಂತ ನನಗೆ ಅನ್ನಿಸುತ್ತದೆ.

ಮೂರನೇ ತಲೆಮಾರು
ಮೊಮ್ಮಕ್ಕಳ ಸಾಧನೆ ದೊಡ್ಡದೇ. ಆದರೆ ಆ ಮನೆಯ ಮೊಮ್ಮಕ್ಕಳ ಜೊತೆಗೆ ಆ ಶಾಲೆಯ ಮೊಮ್ಮಕ್ಕಳನ್ನೂ ಎಣಿಸೋಣ. ಶೇಡಿಗುಡ್ಡೆ, ಕಂಕನಾಡಿ, ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿ, ಹೀಗೆ ಮಿಷನ್ನಿನ ಶಾಲೆಗಳು ಹಬ್ಬಿದ ಊರುಗಳಲ್ಲಿ ಇವತ್ತು ಮೇಷ್ಟ್ರುಗಳು, ನರ್ಸುಗಳು, ಗುಮಾಸ್ತರು, ಪೊಲೀಸರು ಇದ್ದಾರೆ. ಅವರ ಮನೆಯ ಹಿರಿಯರು ಏನು ನೆನಪಿಟ್ಟುಕೊಂಡಿದ್ದಾರೆ ಅಂತ ಯಾರಾದರೂ ಕೂತು ಬರೆದುಕೊಂಡರೆ ಅದೇ ದೊಡ್ಡ ಗ್ರಂಥವಾಗುತ್ತದೆ. ತುಳುವಿನಲ್ಲಿ ಹೇಳಲಿ, ತುಳುವಿನಲ್ಲೇ ರೆಕಾರ್ಡ್ ಮಾಡೋಣ. ಎಂಬತ್ತು ದಾಟಿದವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಕುಡ್ಲದಕ್ಕ
ನಾನು ಬರುತ್ತೇನೆ. ಬೋಳೂರು, ಉರ್ವದ ಕಡೆ ನನಗೆ ಗುರುತಿನವರು ಉಂಟು. ಹೆಂಗಸರ ಹತ್ತಿರ ಮಾತಾಡುವ ಕೆಲಸ ನನಗೆ ಬಿಡಿ.

ಹಳೆ ಮೇಷ್ಟ್ರು
ಕೇಳುವಾಗ ಕೈಕಸುಬಿನ ಬಗ್ಗೆಯೂ ಕೇಳಿ. ಅಕ್ಷರ ಕಲಿತರೂ ನೌಕರಿ ಕೊಡುವವರಿಲ್ಲದ ಕಾಲ ಅದು. ಅದಕ್ಕೇ ಮಿಷನ್ನಿನಲ್ಲಿ ನೇಯ್ಗೆ, ಮರಗೆಲಸ ಕಲಿಸುತ್ತಿದ್ದರು. ಆಮೇಲೆ ಭೂಮಿಯ ವಿಷಯ. ಸರ್ಕಾರದಿಂದ ಜಾಗ ಪಡೆದು ಕುಟುಂಬಗಳಿಗೆ ಹಂಚಿದರು, ಮನೆ ಕಟ್ಟಿಸಿದರು. ಮೇಲೆ ಒಬ್ಬರು ಹೇಳಿದರಲ್ಲ, ಗುಡಿಸಲು ಇರುವುದೂ ಒಡೆಯನ ಜಾಗದಲ್ಲೇ ಅಂತ. ಆ ಹಿಡಿತದಿಂದ ಬಿಡಿಸಲು ಬೇರೆ ಉಪಾಯ ಇರಲಿಲ್ಲ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರು ಹೋಗಿ ಆರು ವರ್ಷವಾಗಿತ್ತು, ಆದರೂ ಅವರ ಕೆಲಸವನ್ನು ನೋಡಲು ಶೇಡಿಗುಡ್ಡೆಗೆ ಹೋದರು.

ಯಾವ ಕುಟುಂಬಕ್ಕೆ ಎಲ್ಲಿ ಜಾಗ ಸಿಕ್ಕಿತು, ಅದು ಇವತ್ತು ಅವರ ಕೈಯಲ್ಲೇ ಇದೆಯೇ, ಇಲ್ಲದಿದ್ದರೆ ಯಾವಾಗ ಹೋಯಿತು, ಇದನ್ನು ಮೊದಲು ಬರೆದುಕೊಳ್ಳಿ. ಹಳೆ ಪಟ್ಟೆ, ತೀರ್ವೆ ರಸೀದಿ ಇದ್ದರೆ ಫೋಟೋ ತೆಗೆದಿಡಿ. ನನ್ನ ಕಣ್ಣು ಈಗ ಮಂದ, ಆದರೆ ಹಳೆ ಕೈಬರಹ ಓದಲು ಬರುತ್ತದೆ, ಕಳಿಸಿದರೆ ಓದಿ ಹೇಳುತ್ತೇನೆ.

ಮೂರನೇ ತಲೆಮಾರು
ಭಾನುವಾರ ಬೆಳಿಗ್ಗೆ ಕಂಕನಾಡಿಯಿಂದ ಶುರು ಮಾಡುವ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಹಳೆ ಟ್ರಂಕು ಇದೆ, ಕಾಗದಪತ್ರ ಎಲ್ಲ ಅದರಲ್ಲೇ. ಬೀಗ ತೆಗೆಸಲು ಅವರನ್ನು ಒಪ್ಪಿಸುವುದು ನನ್ನ ಜವಾಬ್ದಾರಿ.